ಟೈಟ್ ಎಂಡ್ ಆರಿಸುವಾಗ ಟಚ್‌ಡೌನ್ ಕೊನೆಗೆ ನೋಡಿ

ಪ್ರಶ್ನೆ: ಆಫೀಸಿನವರ ಹನ್ನೆರಡು ತಂಡಗಳ ಫ್ಯಾಂಟಸಿ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ಲೀಗ್‌ಗೆ ಈ ಸಲ ಸೇರಿದ್ದೇನೆ. ಟೈಟ್ ಎಂಡ್ ಅಂದರೆ ಫ್ಯಾಂಟಸಿ ಕ್ರಿಕೆಟ್‌ನ ವಿಕೆಟ್‌ಕೀಪರ್ ಇದ್ದ ಹಾಗೆ, ಒಬ್ಬರನ್ನು ಇಟ್ಟುಕೊಂಡರೆ ಆಯಿತು ಎಂದುಕೊಂಡಿದ್ದೆ. ಕಳೆದ ಸೀಸನ್‌ನಲ್ಲಿ ಹೆಚ್ಚು ಅಂಕ ಗಳಿಸಿದವರ ಪಟ್ಟಿ ನೋಡಿ ಆರಿಸಿದರೆ ಸಾಲದೇ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ಸಾಲದು. ಟೈಟ್ ಎಂಡ್ ಎಂದರೆ ಎದುರಾಳಿಯನ್ನು ತಡೆಯುವುದರ ಜೊತೆಗೆ ಎಸೆದ ಚೆಂಡನ್ನೂ ಹಿಡಿಯುವ ಆಟಗಾರ. ಅವನ ಒಟ್ಟು ಅಂಕ ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ನೋಡಬೇಕು. ಇಬ್ಬರ ಲೆಕ್ಕ ಪಕ್ಕಪಕ್ಕ ಇಡೋಣ. 2020ರಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ನ ರಾಬರ್ಟ್ ಟೊನ್ಯನ್ 52 ಕ್ಯಾಚ್, 586 ಯಾರ್ಡ್ (ಹಿಡಿದ ಚೆಂಡಿನಿಂದ ತಂಡ ಮುನ್ನಡೆದ ದೂರ), 11 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಗಳಿಸಿದರು. 2021ರಲ್ಲಿ ಅಟ್ಲಾಂಟಾ ಫಾಲ್ಕನ್ಸ್‌ನ ಕೈಲ್ ಪಿಟ್ಸ್ ಗಳಿಸಿದ್ದು 68 ಕ್ಯಾಚ್, 1,026 ಯಾರ್ಡ್, ಒಂದೇ ಒಂದು ಟಚ್‌ಡೌನ್. ಕ್ಯಾಚಿಗೆ 1, ಹತ್ತು ಯಾರ್ಡಿಗೆ 1, ಟಚ್‌ಡೌನಿಗೆ 6 ಅಂಕದಂತೆ ಕೂಡಿಸಿದರೆ ಇಬ್ಬರದೂ ಸರಿಯಾಗಿ 176.6!

ಟೊನ್ಯನ್ ಕಡೆಗೆ ಆ ವರ್ಷ ಬಂದ ಎಸೆತಗಳು 59. ಅದರಲ್ಲಿ 11 ಟಚ್‌ಡೌನ್ ಅಂದರೆ ಐದಾರು ಎಸೆತಕ್ಕೊಂದು. ಯಾವ ಟೈಟ್ ಎಂಡ್‌ಗೂ ಈ ದರ ವರ್ಷ ವರ್ಷವೂ ನಿಲ್ಲುವುದಿಲ್ಲ. ಮರುವರ್ಷ ಎಂಟನೇ ಪಂದ್ಯದಲ್ಲಿ ಮೊಣಕಾಲು ಪೆಟ್ಟಾಗುವ ಹೊತ್ತಿಗೆ ಅವರ ಖಾತೆಯಲ್ಲಿ ಇದ್ದದ್ದು ಎರಡೇ ಟಚ್‌ಡೌನ್. ಪಿಟ್ಸ್‌ಗೆ ಬಂದ ಎಸೆತಗಳು 110. ಮುಂದಿನ ವರ್ಷಕ್ಕೆ ನಂಬಬಹುದಾದ ಸಂಖ್ಯೆ ಇದು.

ಹಾಗಾದರೆ 2022ರಲ್ಲಿ ಪಿಟ್ಸ್ ಮಿಂಚಿದರೇ? ಇಲ್ಲ. ಹತ್ತು ಪಂದ್ಯಗಳಲ್ಲಿ 28 ಕ್ಯಾಚ್, 356 ಯಾರ್ಡ್, ಆಮೇಲೆ ಅವರಿಗೂ ಮೊಣಕಾಲಿನ ಗಾಯ. ಫಾಲ್ಕನ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) ಮ್ಯಾಟ್ ರಯಾನ್ ಇಂಡಿಯಾನಾಪೊಲಿಸ್‌ಗೆ ಹೋಗಿದ್ದರು, ಆ ಜಾಗಕ್ಕೆ ಮಾರ್ಕಸ್ ಮರಿಯೋಟಾ ಬಂದಿದ್ದರು, ಮತ್ತು ಫಾಲ್ಕನ್ಸ್ ಆ ವರ್ಷ ಲೀಗಿನಲ್ಲೇ ಅತಿ ಕಡಿಮೆ ಪಾಸ್ ಎಸೆದ ತಂಡಗಳಲ್ಲೊಂದು. ಆಟಗಾರ ಎಷ್ಟೇ ಚೆನ್ನಾಗಿದ್ದರೂ ತಂಡ ಚೆಂಡನ್ನೇ ಎಸೆಯದಿದ್ದರೆ ಅಂಕ ಎಲ್ಲಿಂದ ಬರಬೇಕು?

ಪ್ರಶ್ನೆ: ಸ್ನ್ಯಾಪ್, ರೂಟ್, ಟಾರ್ಗೆಟ್ ಎಂದೆಲ್ಲ ಅಂಕಿಅಂಶಗಳಿವೆ. ಯಾವುದನ್ನು ಮೊದಲು ನೋಡಬೇಕು? (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ರೂಟ್, ಅಂದರೆ ಪಾಸ್ ಹಿಡಿಯಲು ಓಡುವ ಓಟ. ಟಾರ್ಗೆಟ್ ಎಂದರೆ ಅವನತ್ತ ಬಂದ ಎಸೆತ. ಸ್ನ್ಯಾಪ್, ಅಂದರೆ ಎಷ್ಟು ಸಲ ಚೆಂಡು ಆಟಕ್ಕೆ ಬಂದಾಗ ಅವನು ಮೈದಾನದಲ್ಲಿದ್ದ ಎಂಬ ಲೆಕ್ಕ, ಇಲ್ಲಿ ದಾರಿ ತಪ್ಪಿಸುತ್ತದೆ. ಟೈಟ್ ಎಂಡ್ ನಿಲ್ಲುವುದು ಲೈನ್‌ನ ತುದಿಯಲ್ಲಿ, ಟ್ಯಾಕಲ್ ಎಂಬ ತಡೆಯುವ ಆಟಗಾರನ ಪಕ್ಕ. ಎದುರಾಳಿಯನ್ನು ತಡೆಯುವುದೂ ಅವನ ಕೆಲಸ, ಓಡಿ ಪಾಸ್ ಹಿಡಿಯುವುದೂ ಅವನದೇ. ತಡೆದದ್ದಕ್ಕೆ ಫ್ಯಾಂಟಸಿಯಲ್ಲಿ ಅಂಕವಿಲ್ಲ. ಇಡೀ ಪಂದ್ಯ ಮೈದಾನದಲ್ಲಿದ್ದೂ ಅರ್ಧ ಹೊತ್ತು ಬ್ಲಾಕ್ ಮಾಡುವವನು ನಿಮಗೆ ಬೇಡ.

ತಂಡ ಪಾಸ್‌ಗೆ ಹೋದಾಗ ಅವನು ಎಷ್ಟು ಸಲ ರೂಟ್ ಓಡಿದ ಎಂದು ನೋಡಿ. ಶೇ. 80 ದಾಟಿದ್ದರೆ ಒಳ್ಳೆಯದು, 60ಕ್ಕಿಂತ ಕೆಳಗಿದ್ದರೆ ಬಿಟ್ಟುಬಿಡಿ. ನಂತರ, ಓಡಿದ ರೂಟ್‌ಗಳಲ್ಲಿ ಎಷ್ಟಕ್ಕೆ ಚೆಂಡು ಅವನತ್ತ ಬಂತು ಎಂಬುದು. ಶೇ. 20 ಚೆನ್ನ, 25 ಬಹಳ ಚೆನ್ನ.

ಕಾಗದದ ಮೇಲೆ ಹಾಕಿ ನೋಡಿ. ತಂಡ ಪಂದ್ಯಕ್ಕೆ 35 ಸಲ ಪಾಸ್‌ಗೆ ಹೋಗುತ್ತದೆ ಎನ್ನಿ. ಶೇ. 80ರಂತೆ 28 ರೂಟ್. ಅದರ ಶೇ. 20, ಅಂದರೆ ಐದೂವರೆ ಎಸೆತ. ಮೂರರಲ್ಲಿ ಎರಡಕ್ಕಿಂತ ಸ್ವಲ್ಪ ಹೆಚ್ಚು ಹಿಡಿದರೆ 4 ಕ್ಯಾಚ್, ಸುಮಾರು 42 ಯಾರ್ಡ್. ಟಚ್‌ಡೌನ್ ಇಲ್ಲದೆಯೇ 8.2 ಅಂಕ. ಅದೇ ಆಟಗಾರ ಶೇ. 55 ರೂಟ್ ಮಾತ್ರ ಓಡಿದರೆ ಐದೂವರೆ ಅಂಕದ ಆಸುಪಾಸಿನಲ್ಲೇ ನಿಲ್ಲುತ್ತಾನೆ, ವಾರ ವಾರವೂ ಟಚ್‌ಡೌನ್‌ಗೆ ಕಾಯುತ್ತ ಕೂರಬೇಕಾಗುತ್ತದೆ.

ಟಚ್‌ಡೌನ್ ಕೊನೆಗೆ ನೋಡಿ ಅನ್ನುವುದಕ್ಕೆ 2024ರ ಟ್ರೇ ಮೆಕ್‌ಬ್ರೈಡ್ ಸಾಕು. ಅರಿಜೋನಾ ಪರ 111 ಕ್ಯಾಚ್, 1,146 ಯಾರ್ಡ್, ಹಿಡಿದ ಟಚ್‌ಡೌನ್ ಎರಡೇ. ಆದರೂ ಕ್ಯಾಚಿಗೆ ಪೂರ್ತಿ ಅಂಕ ಕೊಡುವ ಲೀಗ್‌ಗಳಲ್ಲಿ ಟೈಟ್ ಎಂಡ್‌ಗಳ ಪೈಕಿ ಎರಡನೆಯವರು.

ಪ್ರಶ್ನೆ: ಆಟಗಾರರನ್ನು ಸರದಿಯಂತೆ ಆರಿಸುವಾಗ (ಡ್ರಾಫ್ಟ್) ಮೊದಲ ಎರಡು ಸುತ್ತಿನಲ್ಲೇ ದೊಡ್ಡ ಹೆಸರಿನವರನ್ನು ತೆಗೆದುಕೊಳ್ಳಬೇಕೆ, ಕಾಯಬೇಕೆ? (ಬೆಂಗಳೂರು)

ಉತ್ತರ: ನಿಮ್ಮವನಿಗೂ ಕೊನೆಯ ಸುತ್ತುಗಳಲ್ಲಿ ಸಿಗುವವನಿಗೂ ವಾರಕ್ಕೆ ಎಷ್ಟು ಅಂಕದ ಅಂತರ ಎಂಬುದೇ ಬೆಲೆ. 2022ರಲ್ಲಿ ಕ್ಯಾನ್ಸಸ್ ಸಿಟಿಯ ಟ್ರಾವಿಸ್ ಕೆಲ್ಸಿ 110 ಕ್ಯಾಚ್, 1,338 ಯಾರ್ಡ್, 12 ಟಚ್‌ಡೌನ್‌ನೊಂದಿಗೆ 315 ಅಂಕ ದಾಟಿದರು. ಎರಡನೆಯವರಾದ ಟಿ.ಜೆ. ಹಾಕೆನ್ಸನ್ ಅವರಿಗಿಂತ ಸುಮಾರು ನೂರು ಅಂಕ ಹಿಂದಿದ್ದರು. ವಾರಕ್ಕೆ ಹತ್ತಿರ ಹತ್ತಿರ ಆರು ಅಂಕ! ಅಂಥ ವರ್ಷ ಮೊದಲ ಸುತ್ತಿನ ಆಯ್ಕೆಯೂ ಅಗ್ಗವೇ. ಆದರೆ 2023ರಲ್ಲಿ ಅದೇ ಬೆಲೆ ತೆತ್ತವರಿಗೆ ಸಿಕ್ಕಿದ್ದು 93 ಕ್ಯಾಚ್, 984 ಯಾರ್ಡ್, 5 ಟಚ್‌ಡೌನ್. ಆ ಅಕ್ಟೋಬರ್‌ನಲ್ಲಿ ಕೆಲ್ಸಿಗೆ 34 ತುಂಬಿತ್ತು. ಮೂವತ್ತಮೂರು ದಾಟಿದವರಿಗೆ ಹಿಂದಿನ ವರ್ಷದ ಬೆಲೆ ಕೊಡಬೇಡಿ.

ನಮ್ಮ ಸಲಹೆ: ಮೊದಲ ಎರಡು ಮೂರು ಹೆಸರುಗಳಲ್ಲಿ ಒಬ್ಬರು ಸಿಕ್ಕರೆ ತೆಗೆದುಕೊಳ್ಳಿ. ಇಲ್ಲವಾದರೆ ಹತ್ತನೇ ಸುತ್ತಿನವರೆಗೂ ಕಾಯಿರಿ. ಕೆಡುವುದು ನಡುವಿನ ಸುತ್ತುಗಳಲ್ಲಿ. ಆರನೇ ಸುತ್ತಿನಲ್ಲಿ ಗಾಬರಿಯಿಂದ ಹಿಡಿದವನಿಗೂ ಹನ್ನೊಂದನೆಯದರಲ್ಲಿ ಸಿಗುವವನಿಗೂ ವಾರಕ್ಕೆ ಒಂದೆರಡು ಅಂಕದ ವ್ಯತ್ಯಾಸ ಇರಬಹುದು, ಅಷ್ಟರಲ್ಲಿ ಒಬ್ಬ ಒಳ್ಳೆಯ ರಿಸೀವರ್ (ಪಾಸ್ ಹಿಡಿಯುವುದೇ ಮುಖ್ಯ ಕೆಲಸವಾದ ಆಟಗಾರ) ಕೈತಪ್ಪಿರುತ್ತಾನೆ.

ಪ್ರಶ್ನೆ: ಹೊಸಬರನ್ನು ನಂಬಬಹುದೇ? (ಡಲ್ಲಾಸ್)

ಉತ್ತರ: ಬ್ಲಾಕಿಂಗ್, ರೂಟ್ ಎರಡನ್ನೂ ಕಲಿಯಬೇಕಾದ್ದರಿಂದ ಮೊದಲ ವರ್ಷ ಬಹುತೇಕರು ನಿಧಾನ. ಆದರೆ ಡೆಟ್ರಾಯಿಟ್‌ನ ಸ್ಯಾಮ್ ಲಪೋರ್ಟಾ 2023ರಲ್ಲಿ 86 ಕ್ಯಾಚ್, 10 ಟಚ್‌ಡೌನ್ ಗಳಿಸಿದರು. ಲಾಸ್ ವೇಗಸ್‌ನ ಬ್ರಾಕ್ ಬವರ್ಸ್ 2024ರಲ್ಲಿ 112 ಕ್ಯಾಚ್, 1,194 ಯಾರ್ಡ್ ಗಳಿಸಿ, ಹೊಸ ಟೈಟ್ ಎಂಡ್‌ಗಳ ಪೈಕಿ ಮೈಕ್ ಡಿಟ್ಕಾ 1961ರಲ್ಲಿ ಬರೆದಿದ್ದ 1,076 ಯಾರ್ಡ್‌ಗಳ ದಾಖಲೆ ಮುರಿದರು. ಆ ಅಕ್ಟೋಬರ್‌ನಲ್ಲಿ ಅದೇ ತಂಡದ ರಿಸೀವರ್ ಡವಾಂಟೆ ಆಡಮ್ಸ್ ನ್ಯೂಯಾರ್ಕ್ ಜೆಟ್ಸ್‌ಗೆ ಹೋದದ್ದೂ ಬವರ್ಸ್‌ಗೆ ಅನುಕೂಲವಾಯಿತು. ಹೊಸಬನ ತಂಡದಲ್ಲಿ ಚೆಂಡಿಗೆ ಪೈಪೋಟಿ ಎಷ್ಟಿದೆ ನೋಡಿ. ಆಗಸ್ಟ್‌ನ ಅಭ್ಯಾಸ ಪಂದ್ಯಗಳಲ್ಲಿ ಮೂರನೇ ಡೌನ್‌ಗೂ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಮೊದಲ ತಂಡದ ಜೊತೆಗೇ ಉಳಿಯುತ್ತಾನೆಯೇ ಎಂದೂ ಗಮನಿಸಿ.

ಪ್ರಶ್ನೆ: ನಮ್ಮ ಲೀಗ್‌ನಲ್ಲಿ ಟೈಟ್ ಎಂಡ್ ಕ್ಯಾಚಿಗೆ ಒಂದೂವರೆ ಅಂಕ. ಲೆಕ್ಕ ಬದಲಾಗುತ್ತದೆಯೇ? (ಸಿಯಾಟಲ್)

ಉತ್ತರ: ಬದಲಾಗುತ್ತದೆ. ಮೇಲಿನ ಇಬ್ಬರನ್ನೇ ತೆಗೆದುಕೊಂಡರೆ ನಿಮ್ಮಲ್ಲಿ ಪಿಟ್ಸ್ 210.6, ಟೊನ್ಯನ್ 202.6. ಕ್ಯಾಚಿಗೆ ಅಂಕವೇ ಇಲ್ಲದ ಲೀಗ್‌ನಲ್ಲಿ ಟೊನ್ಯನ್ 124.6, ಪಿಟ್ಸ್ 108.6. ನಿಮ್ಮ ಲೀಗ್‌ನಲ್ಲಿ ಹೆಚ್ಚು ಕ್ಯಾಚ್ ಹಿಡಿಯುವವರನ್ನು ಬೇರೆಯವರಿಗಿಂತ ಒಂದು ಸುತ್ತು ಮೊದಲೇ ತೆಗೆದುಕೊಳ್ಳಿ. ಬೆಂಚ್‌ನಲ್ಲಿ ಆರೇ ಜಾಗ ಇದ್ದರೆ ಎರಡನೇ ಟೈಟ್ ಎಂಡ್ ಬೇಡ, ಬೈ ವಾರಕ್ಕೆ (ಅವನ ತಂಡಕ್ಕೆ ಪಂದ್ಯವಿಲ್ಲದ ವಾರ) ವೇವರ್‌ನಲ್ಲಿ (ಯಾರ ತಂಡದಲ್ಲೂ ಇಲ್ಲದ ಆಟಗಾರರ ಪಟ್ಟಿ) ಒಬ್ಬ ಸಿಗುತ್ತಾನೆ.