ಆ ರೈಲು ಆಗಿನ್ನೂ ಬಂದಿರಲಿಲ್ಲ

ನಮಸ್ಕಾರ,

ನಿಮ್ಮ ಕತೆ ಓದಿದೆ. 1950ರ ಜುಲೈ. ಅಪ್ಪನಿಗೆ ಸೀರಿಯಸ್ ಅಂತ ತಂತಿ ಬಂದಿದೆ. ಗಂಗೊಳ್ಳಿಯ ಹುಡುಗ ಬೆಂಗಳೂರಿನಲ್ಲಿ ಉಗಿಬಂಡಿ ಹತ್ತುತ್ತಾನೆ. ಸಕಲೇಶಪುರದ ಘಟ್ಟ ಇಳಿದು ಬೆಳಿಗ್ಗೆ ಮಂಗಳೂರು ಸೇರುತ್ತಾನೆ. ಬಂದರಿನ ಕಟ್ಟೆಯಿಂದ ಸೀದಾ ಸ್ಟೀಮರಿಗೆ ಕಾಲಿಟ್ಟು, ಸಂಜೆಯೊಳಗೆ ಅಪ್ಪನ ಪಕ್ಕ ಕೂತಿರುತ್ತಾನೆ.

ಇದನ್ನು ಹೀಗೇ ಹಾಕಲು ಆಗುವುದಿಲ್ಲ.

ಆ ಘಟ್ಟದ ರೈಲುದಾರಿ ಪೂರ್ತಿಯಾಗಿದ್ದೇ 1979ರಲ್ಲಿ. ಮಂಗಳೂರಿಗೆ 1907ರಿಂದಲೇ ರೈಲಿತ್ತು, ಆದರೆ ಅದು ಮಲಬಾರಿನ ಕಡೆಯಿಂದ. ರೈಲೇ ಬೇಕೆಂದರೆ ನಿಮ್ಮ ಹುಡುಗ ಜೋಲಾರ್‌ಪೇಟೆಗೆ ಹೋಗಿ, ಮದರಾಸಿನಿಂದ ಬರುವ ಗಾಡಿ ಹಿಡಿದು, ಶೊರನೂರು, ಕಲ್ಲಿಕೋಟೆ ಸುತ್ತಿಕೊಂಡು ಬರಬೇಕು. ಇಲ್ಲವೇ ಬಸ್ಸಿನಲ್ಲಿ ಘಟ್ಟ ಇಳಿಯಬೇಕು. ಇನ್ನು ಹಳೇ ಬಂದರಿನ ಅಳಿವೆಯಲ್ಲಿ ಮರಳಿನ ದಿಬ್ಬ. ದೊಡ್ಡ ಹಡಗು ಕಟ್ಟೆಗೆ ಬರುತ್ತಲೇ ಇರಲಿಲ್ಲ. ಹೊರಗೆ ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು, ಜನ, ಸರಕು ಎಲ್ಲ ದೋಣಿಯಲ್ಲೇ ಹೋಗಬೇಕಿತ್ತು. ಅದೂ ಮಳೆಗಾಲದಲ್ಲಿ ಬಂದ್. ಜುಲೈ ಕಡಲಿಗೆ ಯಾರು ಇಳೀತಾರೆ, ಹೇಳಿ?

ಸುಮ್ನೆ ತಪ್ಪು ಹುಡುಕುತ್ತಿದ್ದೇನೆ ಅಂದುಕೊಳ್ಳಬೇಡಿ. ನೀವು ಕೈಬಿಟ್ಟ ದಾರಿಯಲ್ಲೇ ನಿಮ್ಮ ಕತೆ ಇದೆ. ಮಂಗಳೂರಿನಿಂದ ಬಡಗಕ್ಕೆ ಬಸ್ಸು, ಹೊಳೆ ಬಂದಲ್ಲಿ ಇಳಿಯುವುದು, ಕಡವು ದಾಟುವುದು, ಆಚೆ ದಡದಲ್ಲಿ ಮತ್ತೆ ಬಸ್ಸು. ಕೊನೆಗೆ ಕುಂದಾಪುರ. ಎದುರಿಗೇ ಗಂಗೊಳ್ಳಿ, ನಡುವೆ ಕೆಂಪು ನೀರು ತುಂಬಿದ ಹೊಳೆ. ದೋಣಿಯವನು ಹುಟ್ಟು ಒಳಗಿಟ್ಟು, 'ನೆರೆ ಇಳೀಲಿ' ಅಂತ ಬೀಡಿ ಹಚ್ಚುತ್ತಾನೆ. ಮನೆ ಕಾಣುತ್ತಿದೆ, ಹೋಗಲಾಗುತ್ತಿಲ್ಲ. ಅಲ್ಲಿ ಎರಡು ಪುಟ ನಿಲ್ಲಿ. ಅವನು ಹೊತ್ತಿಗೆ ಸರಿಯಾಗಿ ಮುಟ್ಟಿದನೋ ಇಲ್ಲವೋ ಅನ್ನುವುದನ್ನು ಆಮೇಲೆ ಯೋಚಿಸಿ.

ರೈಲಿನ ವರ್ಣನೆಯೂ ಜಾಸ್ತಿಯಾಯಿತು. 'ಚುಕುಬುಕು' ಒಂಬತ್ತು ಕಡೆ ಇದೆ, ಇಂಜಿನ್ನಿಗೆ ನೀರು ತುಂಬಿಸಲು ಗಾಡಿ ನಿಲ್ಲುವುದು ಒಂದು ಕಡೆಯೂ ಇಲ್ಲ. ಕಿಟಕಿ ಪಕ್ಕ ರಾತ್ರಿಯಿಡೀ ಕೂತವನ ಬಿಳಿ ಅಂಗಿ ಬೆಳಿಗ್ಗೆಯೂ ಬಿಳಿಯಾಗೇ ಇದೆ! ಕಣ್ಣಿಗೆ ಒಂದು ಚೂರೂ ಕಲ್ಲಿದ್ದಲ ಪುಡಿ ಬೀಳಲಿಲ್ವಾ?

ಸೋದರಮಾವ ಟಿಕೆಟನ್ನು ಟೋಪಿಯೊಳಗೆ ಬಚ್ಚಿಟ್ಟು, ಟಿ.ಸಿ. ಬಂದಾಗ ಜೇಬೆಲ್ಲ ತಡಕಾಡುವ ಭಾಗ ಮಾತ್ರ ಬಹಳ ಚೆನ್ನಾಗಿದೆ. ಅದಕ್ಕೆ ಕೈ ಹಚ್ಚಬೇಡಿ. ಉಳಿದದ್ದನ್ನು ತಿದ್ದಿ ಕಳಿಸಿ, ಇನ್ನೊಮ್ಮೆ ಖಂಡಿತ ಓದುತ್ತೇನೆ. ಹುಡುಗನನ್ನು ಜೋಲಾರ್‌ಪೇಟೆ ದಾರಿಯಲ್ಲಿ ಕಳಿಸುವುದಾದರೆ ಮಾವನನ್ನೂ ಜೊತೆಗೆ ಕಳಿಸಿ.