ಓದುಗರ ಪ್ರಶ್ನೆ: ಅಮೆರಿಕದ ಕಾಲೇಜು ತಂಡದಲ್ಲಿ ಸಹಾಯಕ ಕೋಚ್ ಆಗುವುದು ಹೇಗೆ?

ಪ್ರಶ್ನೆ: ಮಗ ಅಮೆರಿಕದಲ್ಲಿ ಡೇಟಾ ಸೈನ್ಸ್ ಎಂಎಸ್ ಓದುತ್ತಿದ್ದಾನೆ. ಇಲ್ಲಿ ಕ್ಲಬ್ ಮಟ್ಟದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದಾನೆ, ಅಷ್ಟೇ. ಈಗ ಕಾಲೇಜು ತಂಡದ ಸಹಾಯಕ ಕೋಚ್ ಆಗಬೇಕು ಅನ್ನುತ್ತಾನೆ. ಆಗುವ ಮಾತೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಆಗುವ ಮಾತೇ, ಆದರೆ ನೇರವಾಗಿ ಅಲ್ಲ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ. ಅದರ ಮೇಲಿನ ದರ್ಜೆಯಾದ ಡಿವಿಷನ್-1ರಲ್ಲಿ ಮುಖ್ಯ ಕೋಚ್‌ಗೆ ಮೂವರೇ ಸಹಾಯಕರು ಎಂಬ ನಿಯಮ ಬಹುಕಾಲ ಇತ್ತು. 2023ರಲ್ಲಿ ಇನ್ನಿಬ್ಬರನ್ನು ಸೇರಿಸಿದರು. ಇವರು ಅಂಗಳದಲ್ಲಿ ಕಲಿಸಬಹುದು, ಊರೂರು ತಿರುಗಿ ಆಟಗಾರರನ್ನು ಹುಡುಕುವಂತಿಲ್ಲ ಎಂಬ ಷರತ್ತಿನೊಂದಿಗೆ. ಹಳೆಯ ಆಟಗಾರರ ಕಣ್ಣು ಈ ಕುರ್ಚಿಗಳ ಮೇಲೇ ಇರುತ್ತದೆ. ಉಳಿದವರು ಮೊದಲು ಸ್ಟೂಡೆಂಟ್ ಮ್ಯಾನೇಜರ್, ಆಮೇಲೆ ವಿಡಿಯೋ ಕೋಆರ್ಡಿನೇಟರ್ ಅಥವಾ ಆಪರೇಷನ್ಸ್ ಡೈರೆಕ್ಟರ್ (ತಂಡದ ದಿನನಿತ್ಯದ ವ್ಯವಸ್ಥೆ ನೋಡಿಕೊಳ್ಳುವವರು) ಆಗಿ ಮೇಲೇರುತ್ತಾರೆ. ಗೊನ್ಜಾಗ ವಿಶ್ವವಿದ್ಯಾಲಯದ ಮಾರ್ಕ್ ಫ್ಯೂ ಗ್ರಾಜುಯೇಟ್ ಅಸಿಸ್ಟೆಂಟ್ (ಓದುತ್ತಲೇ ತಂಡಕ್ಕೆ ದುಡಿಯುವವರು) ಆಗಿ ಸೇರಿ 1999ರಲ್ಲಿ ಅಲ್ಲೇ ಮುಖ್ಯ ಕೋಚ್ ಆದವರು.

ಮ್ಯಾನೇಜರ್ ಎಂಬ ಹೆಸರು ಕೇಳಿ ಮರುಳಾಗಬೇಡಿ. ಟವೆಲ್ ಹೊರುವುದು, ಗಡಿಯಾರ ನೋಡಿಕೊಳ್ಳುವುದು, ಶೂಟಿಂಗ್ ಅಭ್ಯಾಸದಲ್ಲಿ ಚೆಂಡು ಹೆಕ್ಕಿ ಕೊಡುವುದೇ ಕೆಲಸ. ಪಂದ್ಯಗಳು ನವೆಂಬರ್‌ನಲ್ಲಿ ಶುರುವಾಗುವುದರಿಂದ ಬೇಸಿಗೆಯಲ್ಲೇ ಇಮೇಲ್ ಹೋಗಬೇಕು. ಅದೂ ಮುಖ್ಯ ಕೋಚ್‌ಗಲ್ಲ, ಆಪರೇಷನ್ಸ್ ಡೈರೆಕ್ಟರ್‌ಗೆ. ಬರೀ ಬಯೋಡೇಟಾ ಕಳಿಸಿದರೆ ಉತ್ತರ ಬರುವುದು ಅನುಮಾನ. ಆ ತಂಡದ ಮುಂದಿನ ಎದುರಾಳಿಯ ಮೇಲೆ ಎರಡು ಪುಟದ ಸ್ಕೌಟಿಂಗ್ ವರದಿ (ಎದುರಾಳಿಯ ಆಟದ ವಿಶ್ಲೇಷಣೆ), ಜೊತೆಗೆ ಹತ್ತು ಹನ್ನೆರಡು ವಿಡಿಯೋ ತುಣುಕು ಇಟ್ಟು ಕಳಿಸಲಿ.

ವರದಿಯಲ್ಲಿ ಹೊಸಬರು ಎಡವುವುದು ಅತಿಯಾಗಿ ಬರೆದು. ಎದುರಾಳಿಯ ಕೊನೆಯ ನಾಲ್ಕೈದು ಪಂದ್ಯ ನೋಡಿ ಇಪ್ಪತ್ತು ಸಂಗತಿ ಪಟ್ಟಿ ಮಾಡುತ್ತಾರೆ. ಆಟಗಾರನ ತಲೆಯಲ್ಲಿ ಒಂದೂ ನಿಲ್ಲುವುದಿಲ್ಲ. ಪ್ರತಿ ಆಟಗಾರನ ಬಗ್ಗೆ ಎರಡೇ ಸಾಲು ಸಾಕು: ಯಾವ ಕೈಯ ಕಡೆ ನುಗ್ಗುತ್ತಾನೆ, ಎಲ್ಲಿಂದ ಶೂಟ್ ಮಾಡುತ್ತಾನೆ. ತಂಡದ ಬಗ್ಗೆ ಮೂರು: ಹೆಚ್ಚು ಬಳಸುವ ಸೆಟ್ (ಮೊದಲೇ ಹೆಣೆದಿಟ್ಟ ಆಟದ ಯೋಜನೆ), ಟೈಮ್‌ಔಟ್ ನಂತರದ ಆಟ, ಬೇಸ್‌ಲೈನ್‌ನಿಂದ ಚೆಂಡು ಒಳಗೆ ಹಾಕುವ ರೀತಿ. ಎದುರಾಳಿ ಕೋಚ್ ಕೂಗುವ ಸಂಕೇತವನ್ನು ಯಾವ ಸೆಟ್‌ಗೆ ಎಂದು ಗುರುತಿಸಿ ಕೊಟ್ಟರಂತೂ ಬಂಗಾರ. ಪಂದ್ಯದ ದಿನ ಸ್ಕೌಟ್ ಹೊಣೆ ಹೊತ್ತ ಸಹಾಯಕ ಬೆಂಚಿನಿಂದ ತನ್ನವರಿಗೆ ಎಚ್ಚರಿಕೆ ಕೂಗುವುದು ಇದನ್ನೇ ನಂಬಿ.

ಇನ್ನು ವೀಸಾ. ವಿದ್ಯಾರ್ಥಿ ವೀಸಾ ಎಫ್-1ನಲ್ಲಿ ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ ಕೆಲಸಕ್ಕೆ ವಾರಕ್ಕೆ 20 ಗಂಟೆಯ ಮಿತಿ. ಮಗ ಈಗಾಗಲೇ ಟೀಚಿಂಗ್ ಅಸಿಸ್ಟೆಂಟ್ ಆಗಿದ್ದರೆ ಆ ಗಂಟೆಗಳೂ ಇದರಲ್ಲೇ ಸೇರುತ್ತವೆ. ಓದು ಮುಗಿದ ಮೇಲೆ ಸಿಗುವ ಕೆಲಸದ ಅನುಮತಿ (ಒಪಿಟಿ) 12 ತಿಂಗಳು, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪದವಿಗೆ ಇನ್ನೂ 24. ಎರಡಕ್ಕೂ ಕೆಲಸ ಓದಿದ ವಿಷಯಕ್ಕೆ ಸಂಬಂಧಪಟ್ಟಿರಬೇಕು. ಹಾಗಾಗಿ ಡೇಟಾ ಸೈನ್ಸ್ ಓದಿದವನು ಮೊದಲು ತಂಡದ ಡೇಟಾ ವಿಶ್ಲೇಷಕನಾಗುವುದು ಜಾಣತನ. ವಿಶ್ವವಿದ್ಯಾಲಯಗಳ ಎಚ್-1ಬಿ ಕೆಲಸದ ವೀಸಾಕ್ಕೆ ಲಾಟರಿ ಇಲ್ಲ, ನಿಜ. ಆದರೆ ಅದು ನಿರ್ದಿಷ್ಟ ಪದವಿ ಬೇಡುವ ಹುದ್ದೆ ಎಂದು ತೋರಿಸಬೇಕು. ಕೋಚ್ ಹುದ್ದೆಗೆ ಇದೇ ತೊಡಕು.

ಪ್ರಶ್ನೆ: ಸಂಬಳ, ಭದ್ರತೆ ಹೇಗೆ?
– ಇನ್ನೊಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಸಂಬಳ ಕಾಲೇಜಿನಿಂದ ಕಾಲೇಜಿಗೆ ಅಜಗಜಾಂತರ. 1991ರಲ್ಲಿ ಎನ್‌ಸಿಎಎ ಕೆಳಹಂತದ ಸಹಾಯಕರ ಗಳಿಕೆಗೆ ವರ್ಷಕ್ಕೆ 16,000 ಡಾಲರ್ ಮಿತಿ ಹಾಕಿತ್ತು. ಕೋಚ್‌ಗಳು ಕೋರ್ಟಿಗೆ ಹೋಗಿ ಗೆದ್ದರು. 1999ರಲ್ಲಿ ಸಂಸ್ಥೆ 5.45 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು.

ಭದ್ರತೆ ಎಂಬುದು ಮುಖ್ಯ ಕೋಚ್ ಇರುವ ತನಕ. ಹೊಸಬರು ಬಂದರೆ ಸಾಮಾನ್ಯವಾಗಿ ತಮ್ಮವರನ್ನೇ ಕರೆತರುತ್ತಾರೆ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಮುಖ್ಯ ಕೋಚ್ ಡೀನ್ ಸ್ಮಿತ್ ಅವರಿಗೆ 30 ವರ್ಷ ಸಹಾಯಕರಾಗಿದ್ದು, 1997ರಲ್ಲಿ ಅವರ ಜಾಗಕ್ಕೇ ಬಂದ ಬಿಲ್ ಗಥ್ರಿಜ್ ಅವರಂಥವರು ಅಪರೂಪ.

ಕೆಲಸ ಕಳೆಯುವ ಇನ್ನೊಂದು ದಾರಿ ನಿಯಮ ಮುರಿಯುವುದು. ‘ಡೆಡ್ ಪೀರಿಯಡ್’ನಲ್ಲಿ ಹೈಸ್ಕೂಲ್ ಆಟಗಾರನನ್ನು ಮುಖತಃ ಭೇಟಿಯಾಗುವಂತಿಲ್ಲ, ಫೋನ್ ಮಾಡಬಹುದು. ‘ಇವ್ಯಾಲ್ಯುಯೇಷನ್ ಪೀರಿಯಡ್’ನಲ್ಲಿ ಅವನ ಆಟ ನೋಡಬಹುದು, ಕ್ಯಾಂಪಸ್ ಹೊರಗೆ ಎದುರು ನಿಂತು ಮಾತಾಡುವಂತಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಲಂಚದ ಪ್ರಕರಣವೊಂದರಲ್ಲಿ ಎಫ್‌ಬಿಐ ಬಂಧಿಸಿದವರಲ್ಲಿ ನಾಲ್ಕು ಬೇರೆಬೇರೆ ವಿಶ್ವವಿದ್ಯಾಲಯಗಳ ಸಹಾಯಕ ಕೋಚ್‌ಗಳಿದ್ದರು. ಮುಖ್ಯ ಕೋಚ್‌ಗಳು ಒಬ್ಬರೂ ಇರಲಿಲ್ಲ.