ಸಖಾಲಿನ್ ಎಣ್ಣೆಯಲ್ಲಿ ನಮ್ಮ ಪಾಲು

ಪ್ರಶ್ನೆ: ಸರ್, ರಷ್ಯಾದ ಸಖಾಲಿನ್-1 ಎಣ್ಣೆ ಯೋಜನೆಯಲ್ಲಿ ನಮ್ಮ ಸರ್ಕಾರಿ ಕಂಪನಿ ಒಎನ್‌ಜಿಸಿ ವಿದೇಶ್‌ಗೆ ಶೇ. 20 ಪಾಲಿದೆ ಎಂದು ಓದಿದೆ. ಸಮುದ್ರ ರಷ್ಯಾದ್ದು, ಎಣ್ಣೆ ರಷ್ಯಾದ್ದು. ಅವರೇ ತೆಗೆದುಕೊಳ್ಳಬಹುದಿತ್ತು ಅಲ್ವಾ? ಹೊರಗಿನವರು ಯಾಕೆ ಬೇಕಾಯಿತು? ಆ ಎಣ್ಣೆ ನಮ್ಮ ದೇಶಕ್ಕೆ ಬರುತ್ತದಾ?
— ಬಿ.ಕಾಂ. ವಿದ್ಯಾರ್ಥಿನಿ, ಪುತ್ತೂರು

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನಮ್ಮ. ಯಾಕೆಂದರೆ ಆ ಎಣ್ಣೆಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. 2006ರ ಕೊನೆಗೆ ನಮ್ಮ ಪಾಲಿನ ಮೊದಲ ಹಡಗು ಬಂದದ್ದು ನವ ಮಂಗಳೂರು ಬಂದರಿಗೆ. ಆಗ ನಾನು ರಿಫೈನರಿಯ ಲ್ಯಾಬಿನಲ್ಲಿದ್ದೆ. ಭಾರದ ಕಚ್ಚಾ ಎಣ್ಣೆಯಾದರೆ ಬಾಟಲಿ ವಾಲಿಸಿದಾಗ ಗಾಜಿಗೆ ಅಂಟಿಕೊಂಡು ನಿಧಾನಕ್ಕೆ ಇಳಿಯುತ್ತದೆ. ಇದು ಸರ್ರನೆ ಇಳಿಯಿತು. ಗಂಧಕ ಕಡಿಮೆ, ಹಗುರ ಎಣ್ಣೆ. ಹೆಸರು ‘ಸೊಕೊಲ್’, ರಷ್ಯನ್ ಭಾಷೆಯಲ್ಲಿ ಒಂದು ಬಗೆಯ ಗಿಡುಗ. ಹಾಗಂತ ನಮ್ಮ ಪಾಲೆಲ್ಲ ಇಲ್ಲಿಗೇ ಬರಬೇಕೆಂದಿರಲಿಲ್ಲ. ಒಳ್ಳೆ ಬೆಲೆ ಸಿಕ್ಕ ಕಡೆ ಮಾರುತ್ತಿದ್ದರು, ಹಣ ನಮಗೆ ಬರುತ್ತಿತ್ತು.

ಇನ್ನು ಹೊರಗಿನವರು ಯಾಕೆ ಅಂದರೆ, ಆ ಜಾಗ ಹಾಗಿದೆ. ಸಖಾಲಿನ್ ದ್ವೀಪದ ಈಶಾನ್ಯ ಕರಾವಳಿಯಲ್ಲಿ ವರ್ಷದಲ್ಲಿ ಹಲವು ತಿಂಗಳು ಸಮುದ್ರವೇ ಹೆಪ್ಪುಗಟ್ಟುತ್ತದೆ. ಭೂಕಂಪದ ಭಯ ಬೇರೆ. ಅದಕ್ಕೆ ಚೈವೊ ಎಂಬಲ್ಲಿ ‘ಯಾಸ್ತ್ರೆಬ್’ ಎಂಬ ರಿಗ್ಗನ್ನು, ಅಂದರೆ ಬಾವಿ ಕೊರೆಯುವ ಯಂತ್ರವನ್ನು, ದಡದ ಮೇಲೇ ನಿಲ್ಲಿಸಿದರು. ಅಲ್ಲಿಂದ ಕೆಳಗೆ ಕೊರೆದು, ಪೈಪನ್ನು ಬಗ್ಗಿಸಿಕೊಂಡು ಸಮುದ್ರದ ತಳದ ಅಡಿಯಲ್ಲೇ ಅಡ್ಡಡ್ಡ ಹೋಗುವುದು. 2012ರಲ್ಲಿ ಕೊರೆದ ಒಂದು ಬಾವಿಯ ಉದ್ದ 12,376 ಮೀಟರ್. ಮಂಗಳೂರಿನ ಹಂಪನಕಟ್ಟೆಯಿಂದ ಹೊರಟು ಪಣಂಬೂರು ದಾಟುವಷ್ಟು ದೂರ! ಅಷ್ಟು ಆಚೆ ಇರುವ ತುದಿಯನ್ನು ದಡದಲ್ಲಿ ಕೂತು ತಿರುಗಿಸುವುದೆಂದರೆ ಸುಮ್ನೆ ಅಲ್ಲ. ನನಗಂತೂ ಈಗಲೂ ಮೈ ಜುಂ ಎನ್ನುತ್ತದೆ.

1995ರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಎಣ್ಣೆ ಬಂದದ್ದು 2005ರಲ್ಲಿ. ನಡುವಿನ ಹತ್ತು ವರ್ಷ ಬರೀ ಖರ್ಚು. ಆಗಿನ ರಷ್ಯಾದ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಹಾಗಾಗಿ ಅಮೆರಿಕದ ಎಕ್ಸಾನ್‌ಮೊಬಿಲ್‌ಗೆ ಶೇ. 30, ಜಪಾನಿನ ಸೊಡೆಕೊಗೆ ಶೇ. 30, ಉಳಿದ ಶೇ. 40 ರಷ್ಯಾದ ಸರ್ಕಾರಿ ಎಣ್ಣೆ ಕಂಪನಿ ರೋಸ್ನೆಫ್ಟ್ ಕಡೆಯವರಿಗೆ. 2001ರಲ್ಲಿ ನಾವು ಆ ಶೇ. 40ರಲ್ಲಿ ಅರ್ಧ ಕೊಂಡೆವು.

ನಮ್ಮ ಕರಾವಳಿಯ ರಂಪಣಿ ಬಲೆ ಗೊತ್ತಲ್ವಾ? ಒಬ್ಬರಿಂದ ಎಳೆಯಲಾಗದ ಬಲೆ ಅದು. ಹತ್ತಾರು ಜನ ಸೇರಿ ಎಳೆದು, ಮೀನನ್ನು ಪಾಲು ಹಾಕಿಕೊಳ್ಳುತ್ತಾರೆ. ಇಲ್ಲೂ ಹಾಗೇ. ಕೆಲಸ ನಡೆಸುವವರು ಒಬ್ಬರು, ಅವರಿಗೆ ಆಪರೇಟರ್ ಎನ್ನುತ್ತಾರೆ. ಇಲ್ಲಿ 2022ರವರೆಗೆ ಎಕ್ಸಾನ್ ಆಪರೇಟರ್ ಆಗಿತ್ತು. ಆಪರೇಟರ್ ಆದವರು ಆಗಾಗ ‘ಕ್ಯಾಶ್ ಕಾಲ್’ ಕಳಿಸುತ್ತಾರೆ: ಇಷ್ಟು ಖರ್ಚಿದೆ, ನಿಮ್ಮ ಪಾಲು ಕಟ್ಟಿ ಎಂದು. ಎಣ್ಣೆ ಬಂದ ಮೇಲೆ ಮೊದಲು ಹಾಕಿದ ಖರ್ಚು ವಸೂಲಾಗಬೇಕು. ಆಮೇಲೆ ಉಳಿದದ್ದರಲ್ಲಿ ಸರ್ಕಾರಕ್ಕೊಂದು ಭಾಗ, ಪಾಲುದಾರರಿಗೊಂದು ಭಾಗ. ಕಾಮರ್ಸ್ ಓದುವವರು ನೀವು, ಇಲ್ಲಿ ಒಂದು ವಿಷಯ ಗಮನಿಸಿ. ಯಾವುದನ್ನು ಖರ್ಚು ಎಂದು ಬರೆದುಕೊಳ್ಳಬಹುದು ಎಂಬುದೇ ಇಂಥ ಒಪ್ಪಂದದ ಜೀವ. ಖರ್ಚು ಜಾಸ್ತಿ ತೋರಿಸಿದಷ್ಟೂ ಸರ್ಕಾರದ ಭಾಗ ತಡವಾಗುತ್ತದೆ.

ಆದರೆ ಮೀನಿನ ಬಲೆಗೆ ಇಲ್ಲದ ಅಪಾಯ ಒಂದು ಇದಕ್ಕಿದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ಎಕ್ಸಾನ್ ಹೊರಟಿತು, ಉತ್ಪಾದನೆ ಪಾತಾಳಕ್ಕೆ ಇಳಿಯಿತು. ಬಾವಿಯಲ್ಲಿ ಎಣ್ಣೆ ಇದ್ದೂ ಬರಲಿಲ್ಲ. ಅಕ್ಟೋಬರ್‌ನಲ್ಲಿ ರಷ್ಯಾ ಹೊಸ ಕಂಪನಿ ಮಾಡಿ ಯೋಜನೆಯನ್ನು ಅದಕ್ಕೆ ವಹಿಸಿತು. ನಮ್ಮವರು, ಜಪಾನಿನವರು ತಮ್ಮ ಪಾಲು ಉಳಿಸಿಕೊಂಡರು. ನನಗೆ ಅದು ಸರಿ ಎನಿಸುತ್ತದೆ. ಬಿಟ್ಟು ಬಂದಿದ್ದರೆ ಇಷ್ಟು ವರ್ಷ ಕಟ್ಟಿದ ಪಾಲನ್ನು ಬೇರೆ ಯಾರೋ ಅಗ್ಗಕ್ಕೆ ಕೊಳ್ಳುತ್ತಿದ್ದರು.